ಗಿಲಕಿಯ ಉಸಿರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದವರು ಯಾರೋ ಗೊತ್ತಿಲ್ಲ. ಜೊತೆಯಾಗಿ ಹಾಡುವ ಗಂಡ ಹೆಂಡಿರನ್ನು ಅವರು ನೋಡಿರಲಿಲ್ಲ ಎಂಬುದಂತೂ ಖಂಡಿತ. ಈ ಇಬ್ಬರು ಉಂಡರು, ಮಲಗಿದರು, ಬೆಳಿಗ್ಗೆ ಎದ್ದು ಹಲ್ಲುಜ್ಜಿ, ನಿನ್ನೆ ಬಿಟ್ಟ ಮಾತಿನಿಂದಲೇ ಮತ್ತೆ ಶುರು ಮಾಡಿದರು. ಹೀಗೇ ತಿಂಗಳುಗಟ್ಟಲೆ ನಡೆದು, ಉಣ್ಣುವುದು ಬೇರೆ, ಮಲಗುವುದು ಬೇರೆ ಆಗಿ, ಕೊನೆಗೆ ವಕೀಲರ ಕಚೇರಿಗೆ ಹೋಗುವುದೊಂದು ಮಾತ್ರ ಒಟ್ಟಿಗೆ ಉಳಿಯಿತು.

ಜನ ಇವರನ್ನು ಜೋಡಿತಂತಿ ಎಂದು ಕರೆಯುತ್ತಿದ್ದರು. ಜಾನಪದ ಹಾಡುಗಳನ್ನು ಇವರಷ್ಟು ಚೆನ್ನಾಗಿ ಬೆರೆತು ಹಾಡುವವರು ಬೇರೆ ಇಲ್ಲ ಎಂಬುದು ಎಲ್ಲರ ಮಾತು. ಗಂಡನಿಗೆ ಕೋಗಿಲೆ ಎಂಬ ಬಿರುದು. ಯಾವುದೋ ಪತ್ರಿಕೆಯವನು ಪುಟ ತುಂಬಲಿಲ್ಲವೆಂದು ಒಮ್ಮೆ ಹಾಗೆ ಬರೆದ. ಅವತ್ತಿನಿಂದ ಈ ಮಹಾನುಭಾವ ಮನೆಯಲ್ಲಿ ಕೆಮ್ಮುವಾಗಲೂ ಶ್ರುತಿ ನೋಡಿಕೊಂಡು ಕೆಮ್ಮುತ್ತಿದ್ದ. ಹೆಂಡತಿಗೆ ಗಿಲಕಿ ಎಂಬ ಹೆಸರು. ವೇದಿಕೆಯ ಮೇಲೆ ಅವನ ಕೈಗೆ ಗಿಟಾರ್, ಅವಳ ಕೈಗೆ ಗಿಲಕಿ. ಅಳುವ ಕೂಸಿಗೆ ಕೊಟ್ಟು ಸುಮ್ಮನಿರಿಸುವ ಸಾಮಾನನ್ನೇ ಅವಳಿಗೂ ಕೊಟ್ಟಿದ್ದರು, ಅವಳೂ ಅಷ್ಟು ವರ್ಷ ಅಲ್ಲಾಡಿಸಿಕೊಂಡು ಸುಮ್ಮನಿದ್ದಳು.

ಹಾಡುವುದೂ ಹಾಗೆಯೇ. ಮೊದಲ ಸಾಲನ್ನು ಅವನು ಎತ್ತುತ್ತಿದ್ದ, ಎರಡನೆಯದಕ್ಕೆ ಅವಳು ಸೇರಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿ, ತಲೆ ತುಸು ಓರೆ ಮಾಡಿ, ಕೋಗಿಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ತಟ್ಟನೆ ದನಿ ತೆಗೆಯುತ್ತಿದ್ದ. ಆಹಾ, ಧ್ಯಾನಕ್ಕೆ ಹೋಗಿಬಿಡ್ತಾರೆ ನೋಡಿ ಎಂದು ಮುಂದಿನ ಸಾಲಿನವರು ಮೈಮರೆಯುತ್ತಿದ್ದರು. ಅವನು ಮುಂದಿನ ಗಾಲಿ, ಅವಳು ಹಿಂದಿನ ಗಾಲಿ ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಅದನ್ನೇ ನಂಬಿದ್ದಳು.

ಅವಳು ಮನೆ ಬಿಟ್ಟದ್ದು ಒಂದು ಮಾತಿಗೆ. ಮಾತುಗಳು ನೂರಾರು ಬಂದು ಹೋಗಿದ್ದವು, ಆದರೆ ಅವಕ್ಕೆಲ್ಲ ಒಂದು ಉಪಾಯವಿತ್ತು. ಟಿವಿ ಜೋರಾಯಿತು ಅಂದರೆ ಸಣ್ಣ ಮಾಡಬಹುದು, ಮಾತು ಜಾಸ್ತಿ ಅಂದರೆ ಬಾಯಿ ಮುಚ್ಚಬಹುದು. ಅವತ್ತು ಬೆಳಿಗ್ಗೆ ಅವಳು ಪೇಪರ್ ಓದುತ್ತ ಕೂತಿದ್ದಾಗ, ಎದುರಿಗಿದ್ದ ಕೋಗಿಲೆ ಲೋಟ ಕುಕ್ಕಿ, "ನೀನು ಉಸಿರಾಡೋ ಸದ್ದು ಕೂಡ ನಂಗೆ ಸಹಿಸಕ್ಕಾಗ್ತಿಲ್ಲ" ಅಂದ. ಇದನ್ನು ಎಷ್ಟು ಕಡಿಮೆ ಮಾಡಬಹುದು ಎಂದು ಅವಳು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು. ಆಮೇಲೆ ಎದ್ದು ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೊರಟುಬಿಟ್ಟಳು.

ಅಕ್ಕನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಗಿರಾಕಿಗಳ ಕಟ್ಟೆ, ನಡುವೆ ಹಬೆಯ ಇಸ್ತ್ರಿ, ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ಉದ್ದಕ್ಕೂ ಕಂಬಿ ಕಟ್ಟಿ, ಒಗೆದ ಅಂಗಿಗಳನ್ನು ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ್ದರು. ಗಿಲಕಿಯ ಹಾಸಿಗೆ ಆ ಅಂಗಿಗಳ ಕೆಳಗೆ. ಊರಿನ ಗಂಡಸರೆಲ್ಲ ತಲೆ ಇಲ್ಲದೆ ತನ್ನ ಮೇಲೆ ತೂಗಾಡುತ್ತಿದ್ದಾರೆ ಎಂದು ಮಲಗಿದಲ್ಲೇ ಅನಿಸಿ, ಬಹಳ ದಿನಗಳ ಮೇಲೆ ಅವಳಿಗೆ ನಗು ಬಂತು.

ನಗು ಅಲ್ಲಿಗೇ ನಿಂತಿತು, ಯಾಕೆಂದರೆ ಒಂದು ಫೋನ್ ಬಂತು. ಪಟ್ಟಣದ ಒಂದು ಸಣ್ಣ ಸಭಾಂಗಣವನ್ನು ನೋಡಿಕೊಳ್ಳುವ ಹಿರಿಯ ಹೆಂಗಸು. "ನೀವೊಬ್ಬರೇ ಹಾಡ್ತೀರಾ? ಒಂದು ಸಂಜೆ ಪೂರ್ತಿ? ನಂಗೆ ನಿಮ್ಮ ದನಿ ಬೇರೆಯಾಗಿ ಕೇಳಬೇಕು ಅಂತ ಬಹಳ ವರ್ಷದಿಂದ ಆಸೆ" ಅಂದರು. ಯೋಚಿಸಿ ಹೇಳುತ್ತೇನೆ ಎಂದಳು ಗಿಲಕಿ. ಯೋಚಿಸುವುದೇನು, ಫೋನ್ ಇಡುವ ಮೊದಲೇ ಯಾವ ಯಾವ ಹಾಡು ಎಂದು ಲೆಕ್ಕ ಹಾಕುತ್ತಿದ್ದಳು. ಆದರೆ ಹಿಂದಿನ ಕೋಣೆಗೆ ಹೋಗಿ ಅಂಗಿಗಳ ನಡುವೆ ನಿಂತು, ಬೆನ್ನು ನೆಟ್ಟಗೆ ಮಾಡಿ, ಉಸಿರೆಳೆದುಕೊಂಡು ಬಾಯಿ ತೆರೆದರೆ, ಹಾಡೇ ಬರಲಿಲ್ಲ. ಮತ್ತೆ ಉಸಿರೆಳೆದುಕೊಂಡಳು. ಮತ್ತೆ ಹಾಗೇ. ಹಾಡಿನ ಮಧ್ಯದಿಂದ ಹಿಡಿದರೆ ಎಲ್ಲ ಸರಾಗ. ಮೊದಲ ಸಾಲನ್ನು ಎತ್ತುವುದು ಮಾತ್ರ ಆಗುತ್ತಿರಲಿಲ್ಲ. ದಿನಾ ಪ್ರಯತ್ನ ಮಾಡಿದಳು. ದಿನಾ ಗಂಟಲು ಅದೇ ಜಾಗದಲ್ಲಿ ಕೈಕೊಟ್ಟಿತು.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಹಾಡ್ತೀಯೋ ಆಕಳಿಸ್ತೀಯೋ, ಎರಡರಲ್ಲಿ ಒಂದು ಮಾಡು ಕಣೇ. ಹಿಂಗೆ ಬಾಯಿ ತೆಕ್ಕೊಂಡು ನಿಂತ್ರೆ ನೊಣ ಹೋದೀತು."

"ಶುರು ಮಾಡಕ್ಕೇ ಆಗ್ತಿಲ್ಲ ಅಕ್ಕ. ಶುರು ಮಾಡ್ತಿದ್ದಿದ್ದು ಯಾವಾಗ್ಲೂ ಅವನೇ ಅಲ್ವಾ."

"ಆಗದೇ ಇದ್ರೆ ಬಿಡು. ಕಾಲರ್ ಇಸ್ತ್ರಿ ಮಾಡೋದು ಹೇಳಿಕೊಡ್ತೀನಿ. ಅದಕ್ಕೆ ಯಾರೂ ಮೊದಲು ಎತ್ತಿಕೊಡಬೇಕಾಗಿಲ್ಲ."

ಅಕ್ಕ ಹೇಳಿದ್ದು ತಮಾಷೆಗೆ. ಗಿಲಕಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಅವಳ ಮುಂದೆ ಇದ್ದದ್ದು ಅಷ್ಟೇ ದಾರಿಗಳು: ಒಬ್ಬಳೇ ಹಾಡುವುದು, ಇಲ್ಲವೇ ಕಾಲರ್, ಇಲ್ಲವೇ ಉಸಿರಿನ ಸದ್ದು ಕಡಿಮೆ ಮಾಡಿಕೊಂಡು ವಾಪಸ್ ಹೋಗುವುದು. ಪೋಸ್ಟರ್ ಅಚ್ಚಿಗೆ ಹೋಗಬೇಕು, ಇಂಥ ದಿನ ಸಂಜೆಯೊಳಗೆ ಹೇಳಿಬಿಡಿ ಎಂದು ಸಭಾಂಗಣದ ಅಮ್ಮ ಗಡುವು ಕೊಟ್ಟಿದ್ದರು. ಅವಳ ಗ್ರಹಚಾರ ನೋಡಿ, ವಿಡಿಯೋ ಶೂಟಿಂಗ್ ಗೊತ್ತಾದದ್ದೂ ಅದೇ ದಿನಕ್ಕೆ.

ವಿಡಿಯೋದ ಕತೆಯೇ ಬೇರೆ. ಮನೆಯಲ್ಲಿ ಇಬ್ಬರೂ ಹಾವು ಮುಂಗುಸಿ ಆಗಿದ್ದ ಕಾಲದಲ್ಲೇ, ಹೇಗೋ ಹಲ್ಲು ಕಚ್ಚಿಕೊಂಡು ಒಂದು ಹಾಡು ರೆಕಾರ್ಡ್ ಮಾಡಿ ಮುಗಿಸಿದ್ದರು. "ಹೊಳೆಗೆ ಹೊಳೆ ಸೇರಿದ ಮೇಲೆ ಯಾರ ನೀರು ಯಾವುದೋ" ಎಂಬುದು ಅದರ ಮೊದಲ ಸಾಲು. ಹಾಡಿದ ಕೆಲವೇ ದಿನಕ್ಕೆ ವಕೀಲರ ಮುಂದೆ ಕೂತು, ಮಿಕ್ಸಿ ಯಾರದು, ಕಿಟಕಿಯ ಪರದೆ ಯಾರದು, ಪರದೆ ಅವಳದಾದರೆ ಅದರ ಕಂಬಿ ಯಾರದು ಎಂದು ಇಬ್ಬರೂ ಅರ್ಧ ದಿನ ವಾದ ಮಾಡಿದರು. ಹೊಳೆಗಳ ವಿಷಯಕ್ಕೆ ವಕೀಲರು ಬರಲಿಲ್ಲ, ಅದೊಂದು ಪುಣ್ಯ.

ಆಡಿಯೋ ಕಂಪನಿಯ ಸಾಹೇಬರು ಇಬ್ಬರ ಗೋಳನ್ನೂ ಶಾಂತವಾಗಿ ಕೇಳಿದರು. "ಬೇರೆ ಆಗೋದು ನಿಮ್ಮ ಖಾಸಗಿ ವಿಷಯ. ಒಂದಾಗಿರೋದು ನಮ್ಮ ವಿಷಯ, ಅದಕ್ಕೆ ಸಹಿ ಹಾಕಿದೀರಿ" ಅಂದರು. ಕೋಗಿಲೆ ಒಂದು ಷರತ್ತು ಹಾಕಿದ: ಅವಳಿರುವ ಕೋಣೆಯಲ್ಲಿ ತಾನು ನಿಲ್ಲುವುದಿಲ್ಲ. ಗಿಲಕಿಯದೂ ಅದೇ ಷರತ್ತು. ಸಾಹೇಬರಿಗೆ ಬಹಳ ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಗಂಡ ಹೆಂಡತಿ ಒಂದು ಮಾತಿಗೆ ಒಪ್ಪಿದ್ದರಲ್ಲ.

ಹೀಗಾಗಿ ಡೈರೆಕ್ಟರ್ ಒಂದು ಉಪಾಯ ಹೂಡಿದ. ಈತ ಹಲ್ಲುಪುಡಿ, ಸೊಳ್ಳೆಬತ್ತಿಗಳ ಜಾಹೀರಾತು ತೆಗೆದು ಪಳಗಿದವನು. ಕೋಣೆಯೊಳಗೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಮೊದಲು ಮೇಡಂ ಒಬ್ಬರೇ ಪೂರ್ತಿ ಹಾಡಿಗೆ ತುಟಿ ಆಡಿಸುವುದು, ಕಟ್ ಇಲ್ಲದೆ, ಒಂದೇ ಶಾಟ್. ಆಮೇಲೆ ಸರ್ ಒಬ್ಬರೇ, ಅವರದೂ ಕಟ್ ಇಲ್ಲದೆ ಒಂದೇ ಶಾಟ್. ಅವೆರಡನ್ನೂ ಕಂಪ್ಯೂಟರ್‌ನಲ್ಲಿ ಪಕ್ಕಪಕ್ಕ ಹೊಲಿದುಬಿಟ್ಟರೆ, ಎರಡು ಹೊಳೆ ಒಂದಾದ ಹಾಗೆ. "ಪ್ರೀತಿ ಅನ್ನೋದು ತುಂಡಾಗಬಾರದು ಸರ್, ಅದಕ್ಕೇ ಕಟ್ ಇಲ್ಲ" ಎಂದು ಅವನು ಸಾಹೇಬರಿಗೆ ವಿವರಿಸಿದ. ವಿಚ್ಛೇದನದ ಅರ್ಜಿ ಹಾಕಿದವರ ಹಾಡಿಗೆ ಇದಕ್ಕಿಂತ ಒಳ್ಳೆಯ ಯೋಚನೆ ಹೊಳೆಯುವುದು ಕಷ್ಟ.

ಶೂಟಿಂಗ್ ನಡೆದದ್ದು ಒಂದು ಹಳೆಯ ಗೋದಾಮಿನಲ್ಲಿ. ಒಂದು ಮೂಲೆಯಲ್ಲಿ ಮೂರು ಗೋಡೆಯ ಮನೆ ಎಬ್ಬಿಸಿದ್ದರು: ಒಂದು ಕಿಟಕಿ, ಎರಡು ಕುರ್ಚಿ, ಗೋಡೆಯ ಮೇಲೆ ಯಾರದೋ ಮದುವೆ ಫೋಟೋ. ಕಿಟಕಿಯಾಚೆ ಹಳದಿ ದೀಪ ಹಚ್ಚಿ ಸಂಜೆ ಮಾಡಿದ್ದರು. ಗಿಲಕಿ ಒಂದು ಕುರ್ಚಿಯ ಪಕ್ಕ ನಿಂತಳು. ಎದುರಿಗೆ ಗಂಡ ನಿಲ್ಲಬೇಕಾದ ಜಾಗದಲ್ಲಿ, ನೆಲ ಒರೆಸುವ ಮಾಪನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಜೂಲಿಗೆ ಕೆಂಪು ಟೇಪ್ ಸುತ್ತಿದ್ದರು.

"ಅದೇ ನಮ್ಮ ಸರ್ ಅಂದ್ಕೊಳ್ಳಿ ಮೇಡಂ. ಅವರ ಕಣ್ಣು ಇರೋ ಎತ್ತರಕ್ಕೇ ಟೇಪ್ ಹಾಕಿದೀನಿ. ಸ್ವಲ್ಪ ಪ್ರೀತಿಯಿಂದ ನೋಡಿ."

ಗಿಲಕಿ ನೋಡಿದಳು. ಅವಳಿಗೇ ಆಶ್ಚರ್ಯವಾಗುವಷ್ಟು ಸುಲಭವಾಗಿತ್ತು. ಮಾಪು ಎದುರು ಮಾತಾಡಲಿಲ್ಲ, ಲೋಟ ಕುಕ್ಕಲಿಲ್ಲ, ಕನ್ನಡಿ ನೋಡಿಕೊಳ್ಳಲಿಲ್ಲ. ಜೀವನದಲ್ಲಿ ಒಂದಷ್ಟು ನೆಲವನ್ನಾದರೂ ಒರೆಸಿತ್ತು. ಸ್ಪೀಕರಿನಲ್ಲಿ ಗಂಡನ ದನಿ ಮೊದಲ ಸಾಲು ಎತ್ತಿತು, ಅವಳು ಎರಡನೆಯದಕ್ಕೆ ಸೇರಿಕೊಂಡಳು, ಕೊನೆಯ ಸಾಲಿಗೆ ಕಣ್ಣಲ್ಲಿ ನೀರೂ ಬಂತು. ಒಂದೇ ಏಟಿಗೆ ಶಾಟ್ ಓಕೆ. "ಎಂಥ ದಾಂಪತ್ಯ!" ಅಂದ ಡೈರೆಕ್ಟರ್, ಕನ್ನಡಕದ ಕೆಳಗೆ ಕಣ್ಣೊರೆಸಿಕೊಳ್ಳುತ್ತ.

ಒಂದೇ ಒಂದು ವಿಷಯ ಅವಳಿಗೆ ಸರಿಬರಲಿಲ್ಲ. ಸ್ಪೀಕರಿನಲ್ಲಿ ಬಂದ ಹಾಡು ತಮ್ಮದೇ, ಆದರೂ ಅಕ್ಕನ ಅಂಗಡಿಯಿಂದ ಬಂದ ಅಂಗಿಯ ಹಾಗಿತ್ತು. ಕೊಳೆ ಇಲ್ಲ, ಸುಕ್ಕಿಲ್ಲ, ಒಳಗೆ ಮನುಷ್ಯನೂ ಇಲ್ಲ. ಏನು ಕಡಿಮೆಯಾಗಿದೆ ಎಂದು ಯೋಚಿಸುತ್ತ, ಪಕ್ಕದ ಮೇಕಪ್ ಕೋಣೆಗೆ ಹೋಗಿ ಮುಖಕ್ಕೆ ಹಚ್ಚಿದ್ದನ್ನು ಹತ್ತಿಯಿಂದ ಒರೆಸತೊಡಗಿದಳು. ಅವಳ ಕೆಲಸ ಮುಗಿದಿತ್ತು. ಅಕ್ಕನ ಮನೆಗೆ ಹೋಗಿ, ಸಭಾಂಗಣದ ಅಮ್ಮನಿಗೆ ಫೋನ್ ಮಾಡಿ, ಆಗುವುದಿಲ್ಲ ಎಂದು ಹೇಳಬೇಕಾದ್ದೊಂದು ಬಾಕಿ.

ಅಷ್ಟರಲ್ಲಿ ಕೋಗಿಲೆಯವರ ಆಗಮನವಾಯಿತು. ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ತುಟಿ ಆಡಿಸುವುದಕ್ಕೆ ಗಂಟಲು ಯಾಕೆ ಕಾಪಾಡಿಕೊಳ್ಳಬೇಕು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಅವನ ಎದುರಿಗೂ ಅದೇ ಮಾಪು. ಟೇಪನ್ನು ಮಾತ್ರ ಅವಳ ಎತ್ತರಕ್ಕೆ ಇಳಿಸಿದರು. ಕ್ಯಾಮೆರಾ ಅವನ ಮುಚ್ಚಿದ ತುಟಿಗಳಿಂದಲೇ ಶುರುವಾಗಬೇಕೆಂದು ಡೈರೆಕ್ಟರಿನ ಆಸೆ.

ಗೋಡೆಯಾಚೆಯಿಂದ ಗಿಲಕಿಗೆ ಎಲ್ಲ ಕೇಳಿಸುತ್ತಿತ್ತು. ನಿಶ್ಶಬ್ದ. ಆಮೇಲೆ ಅವನ ಹಾಡು. ತಕ್ಷಣ, "ಕಟ್! ಸರ್, ಸ್ವಲ್ಪ ಲೇಟಾಯ್ತು, ಹಾಡು ಹೋಗ್ತಾ ಇದೆ, ತುಟಿ ಹಿಂದೆ ಉಳೀತು." ಮತ್ತೆ ನಿಶ್ಶಬ್ದ. "ಕಟ್! ಈಗ ಮೊದಲೇ ತೆರೆದುಬಿಟ್ರಿ ಸರ್." ಮತ್ತೊಮ್ಮೆ. ಮಗದೊಮ್ಮೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೋಗಿಲೆಗೆ ಮೊದಲು ಸ್ಪೀಕರ್ ಡೊಂಕಾಯಿತು, ಆಮೇಲೆ ದೀಪ, ಆಮೇಲೆ ಹೊಸ ಬೂಟು, ಆಮೇಲೆ ಆ ಮಾಪು ತನ್ನನ್ನು ದುರುಗುಟ್ಟಿ ನೋಡುತ್ತಿದೆ ಎಂಬ ದೂರು. ಡೈರೆಕ್ಟರ್ ಕೈಬೆರಳಲ್ಲಿ ಎಣಿಸಿ ಸನ್ನೆ ಕೊಟ್ಟ. "ನಾನೇನು ಓಟದ ಪಂದ್ಯಕ್ಕೆ ನಿಂತಿದೀನಾ? ಎಣಿಸಿದ್ರೆ ಹಾಡು ಬರುತ್ತಾ?" ಎಂದು ಕೋಗಿಲೆ ರೇಗಿದ. ಎಣಿಸಿದರೂ ಬರಲಿಲ್ಲ. ಮೊದಲ ಸಾಲಿಗೆ ಹೇಗೋ ಸರಿಯಾದರೆ ಎರಡನೆಯ ಚರಣದ ಶುರುವಿಗೆ ತಪ್ಪುತ್ತಿತ್ತು. ಈ ಹಾಡಿನ ಒಂದೊಂದು ಚರಣವೂ ಮೌನದಿಂದ ಹುಟ್ಟುವಂಥದ್ದು, ತಾಳವಿಲ್ಲ, ಗಿಟಾರಿಲ್ಲ, ಬರೀ ದನಿ.

ಗಿಲಕಿಯ ಕೈಯಲ್ಲಿ ಹತ್ತಿ ಹಾಗೇ ನಿಂತಿತು. ಆ ಮೌನದಲ್ಲೇ ಏನೋ ಇಲ್ಲ. ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಅದನ್ನೇ. ಅವಳು ಎದ್ದು ಬಾಗಿಲ ಬಳಿ ಕೂತಿದ್ದ ಸೌಂಡ್ ಮಾಸ್ಟರನ್ನು ಕೇಳಿದಳು. ರೆಕಾರ್ಡಿಂಗ್ ಮಾಡಿದವನೂ ಇವನೇ. ಯಾರು ಏನು ಹೇಳಿದರೂ ಮಾಡಿಬಿಡುವ ಸಾಧುಪ್ರಾಣಿ.

"ಸಾಲಿಗೆ ಮುಂಚೆ ಒಂದು ಸದ್ದು ಇರ್ತಿತ್ತಲ್ಲ?"

"ನಿಮ್ಮ ಉಸಿರು ಮೇಡಂ? ತೆಗೆದುಬಿಟ್ಟೆ." ಅವನ ಮುಖದಲ್ಲಿ ಹೆಮ್ಮೆ. "ಬೆಣ್ಣೆಯಿಂದ ಕೂದಲು ತೆಗೆದಂಗೆ, ಒಂದೊಂದೇ ಹುಡುಕಿ ತೆಗೆದೆ. ನೀವು ಪ್ರತಿ ಸಾಲಿಗೂ ಮುಂಚೆ ಜೋರಾಗಿ ಎಳ್ಕೋತೀರಿ. ಸರ್ ಶುರು ಮಾಡೋದಕ್ಕೂ ಮುಂಚೆ ನೀವು ಎಳ್ಕೊಂಡಿರ್ತೀರಿ."

"ತೆಗೀರಿ ಅಂದಿದ್ದು ಯಾರು?"

"ಸರ್ರೇ. ಪಕ್ಕಕ್ಕೆ ಕರೆದು, ಅವಳ ಉಸಿರು ಒಂದೂ ಉಳೀಬಾರದು ಅಂದ್ರು."

ಬಾಡಿಗೆ ಕೊಲೆಗಾರನಿಗೂ ಯಾರೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಗಿಲಕಿಗೆ ಮೊದಲು ಕೆಂಡದಂಥ ಸಿಟ್ಟು ಬಂತು. ಆಮೇಲೆ ಸಿಟ್ಟಿನ ಹಿಂದೆಯೇ ಇನ್ನೊಂದು ವಿಷಯ ನಿಧಾನವಾಗಿ ತಲೆಗೆ ಹತ್ತಿತು, ಹತ್ತಿದ ಮೇಲೆ ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಇಷ್ಟು ವರ್ಷ ಈ ಮನುಷ್ಯ ಮಾಡುತ್ತಿದ್ದದ್ದು ಧ್ಯಾನವಲ್ಲ. ಓರೆಯಾಗುತ್ತಿದ್ದ ತಲೆ ಯಾವಾಗಲೂ ಅವಳು ನಿಂತ ಕಡೆಗೇ. ಅವಳು ಉಸಿರೆಳೆದುಕೊಳ್ಳುವುದನ್ನು ಕಿವಿಗೊಟ್ಟು ಕಾಯುತ್ತಿದ್ದ. ಅದು ಕೇಳಿದ ಮೇಲೆ ದನಿ ತೆಗೆಯುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ತಾನು ಕೂತ ಕೊಂಬೆಗೆ ತಾನೇ ಕೊಡಲಿ ಹಾಕುತ್ತಿದ್ದನೇ? ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸೌಂಡ್ ಮಾಸ್ಟರ್ ಹೋಗಿ ಡೈರೆಕ್ಟರಿನ ಕಿವಿಯಲ್ಲಿ ವಿಷಯ ಊದಿದ. ಉಸಿರಿರುವ ಮೂಲ ಹಾಡು ಸ್ಟುಡಿಯೋದಲ್ಲಿದೆ, ಸ್ಟುಡಿಯೋಗೆ ಇವತ್ತು ಬೀಗ, ಗೋದಾಮು ಇವರಿಗೆ ಸಂಜೆಯವರೆಗೆ ಮಾತ್ರ. ಡೈರೆಕ್ಟರ್ ಓಡೋಡಿ ಬಂದ. ಮೊಟ್ಟಮೊದಲ ಬಾರಿಗೆ ಕನ್ನಡಕ ತೆಗೆದಿದ್ದ.

"ಮೇಡಂ, ಒಂದು ಉಪಕಾರ. ಕ್ಯಾಮೆರಾ ಹಿಂದೆ ನಿಂತು ಸುಮ್ನೆ ಉಸಿರಾಡಿ. ಅಷ್ಟೇ. ಹಾಡೋದೂ ಬೇಡ."

"ಅವರು ಬಂದು ಕೇಳಲಿ" ಅಂದಳು ಗಿಲಕಿ.

ಕೋಗಿಲೆ ಬಂದ. ಒಂದೇ ಕೋಣೆಯಲ್ಲಿ ನಿಲ್ಲುವುದಿಲ್ಲವೆಂಬ ಷರತ್ತು ಹೊಸ್ತಿಲಾಚೆಯೇ ಬಿದ್ದುಹೋಯಿತು. ಮಫ್ಲರಿನ ತುದಿ ತಿರುಚುತ್ತ, ಗೋಡೆಯ ಮೇಲಿನ ಸ್ವಿಚ್ಚಿಗೆ ಹೇಳುವವನ ಹಾಗೆ ಹೇಳಿದ, "ಯಾವಾಗ್ಲೂ ಮಾಡ್ತಿದ್ಯಲ್ಲ. ಅದನ್ನ ಸ್ವಲ್ಪ ಮಾಡು."

"ಯಾವುದನ್ನ?"

"ಅದೇ."

"ಅದೇ ಅಂದ್ರೆ? ನಾನು ಮಾಡ್ತಿದ್ದಿದ್ದು ಬಹಳ ಇತ್ತು. ಅಡುಗೆ ಮಾಡ್ತಿದ್ದೆ, ನಿನ್ನ ಅಂಗಿ ಗುಂಡಿ ಹೊಲೀತಿದ್ದೆ, ನಿನ್ನ ಗಿಟಾರ್ ಹೊರ್ತಿದ್ದೆ."

"ಉಸಿರಾಡೇ, ದಮ್ಮಯ್ಯ!"

ಗೋದಾಮಿನಲ್ಲಿ ಎಲ್ಲರೂ ಬೇರೆ ಬೇರೆ ಕಡೆ ನೋಡತೊಡಗಿದರು. ಗಿಲಕಿಗೆ ನಗಬೇಕೆನಿಸಿತು, ನಗಲಿಲ್ಲ. ಇಷ್ಟು ತಿಂಗಳಲ್ಲಿ ಅವನು ಅವಳನ್ನು ಕೇಳಿಕೊಂಡದ್ದು ಇದೊಂದನ್ನೇ, ಅದೂ ಅವಳು ಹುಟ್ಟಿದಾಗಿನಿಂದ ಪುಕ್ಕಟೆ ಮಾಡುತ್ತಿದ್ದದ್ದನ್ನು.

ಅವಳು ಕ್ಯಾಮೆರಾದ ಪಕ್ಕ, ಅವನ ಎಡಕ್ಕೆ ನಿಂತಳು. ವೇದಿಕೆಯಲ್ಲೂ ಅದೇ ಅವಳ ಜಾಗ. ಯಾವಾಗ ಎಳೆದುಕೊಳ್ಳಬೇಕೆಂದು ಸನ್ನೆ ಕೊಡಲೇ ಎಂದ ಸೌಂಡ್ ಮಾಸ್ಟರಿಗೆ ಬೇಡವೆಂದಳು. ಆ ಮೌನ ಎಷ್ಟು ಉದ್ದವೆಂಬುದು ಅವಳಿಗೆ ಗೊತ್ತಿತ್ತು, ಇಷ್ಟು ವರ್ಷ ಅದನ್ನು ಅಳೆದು ಕೊಟ್ಟವಳು ಅವಳೇ. ಶಾಟ್ ಶುರು ಎಂದು ಹಲಗೆ ಟಪ್ ಅಂದಿತು. ಅವಳು ಉಸಿರೆಳೆದುಕೊಂಡಳು, ಕೋಗಿಲೆಯ ತುಟಿ ತೆರೆಯಿತು, ಹಾಡು ಅದರ ಮೇಲೆ ಬಂದು ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚರಣ ಚರಣಕ್ಕೂ ಹಾಗೆಯೇ. ಕಣ್ಣು ಮುಚ್ಚಿ ನಿಂತ ಆ ಮುಖದಲ್ಲಿ ಸಿಟ್ಟಿರಲಿಲ್ಲ, ಜಂಬವಿರಲಿಲ್ಲ. ತಾಯಿ ರಸ್ತೆ ದಾಟಿಸುತ್ತಾಳೆಂದು ನಂಬಿದ ಮಗುವಿನ ಮುಖ ಅದು. ಗಿಲಕಿಗೆ ಎದೆ ಕಲಕಿತು. ಈ ಮನುಷ್ಯನನ್ನು ಒಂದು ಕಾಲದಲ್ಲಿ ತಾನು ಎಷ್ಟು ಪ್ರೀತಿಸಿದ್ದೆ ಎಂಬುದು ನೆನಪಾಗಿ, ವಾಪಸ್ ಹೋಗಿಬಿಡಲೇ ಎಂದು ಕೂಡ ಒಂದು ಸಲ ಅನಿಸಿತು. ಅನಿಸಿದ್ದನ್ನು ಇಲ್ಲವೆನ್ನಲು ಬರುವುದಿಲ್ಲ.

"ಸೂಪರ್!" ಎಂದು ಡೈರೆಕ್ಟರ್ ಕೂಗಿದ. "ಇನ್ನೊಂದು ಸಲ, ಸೇಫ್ಟಿಗೆ. ದೀಪ ಸ್ವಲ್ಪ ಸರಿ ಮಾಡ್ಕೋತೀವಿ."

ದೀಪ ಸರಿ ಮಾಡುವಷ್ಟು ಹೊತ್ತು ಗಂಡ ಹೆಂಡತಿ ಅಕ್ಕಪಕ್ಕ ನಿಲ್ಲಬೇಕಾಯಿತು. ಕೋಗಿಲೆಯ ಮುಖದಲ್ಲಿ ಆಗಲೇ ಬಣ್ಣ ಬಂದಿತ್ತು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿದ. ಅವಳಿಗೆ ಬೇಕೇ ಎಂದು ಕೇಳಲಿಲ್ಲ.

"ನೋಡು," ಅಂದ, "ನಾನು ಒಂದು ಯೋಚನೆ ಮಾಡಿದೆ. ವಕೀಲರು, ಅರ್ಜಿ, ಅದೆಲ್ಲ ಅದರ ಪಾಡಿಗೆ ನಡೀಲಿ. ನಾನು ಇನ್ಮೇಲೆ ಒಬ್ಬನೇ ಕಾರ್ಯಕ್ರಮ ಕೊಡ್ತೀನಿ, ಗೊತ್ತಲ್ಲ. ನೀನು ಬಾ. ಹಾಡೋ ತೊಂದರೆ ಏನೂ ಇಲ್ಲ. ಪರದೆ ಹಿಂದೆ ಒಂದು ಕುರ್ಚಿ ಹಾಕಿಸ್ತೀನಿ. ಕೂತ್ಕೊಂಡೇ ಮಾಡಬಹುದು."

ಗಿಲಕಿ ಅವನನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಬಹಳ ದೊಡ್ಡ ಮನಸ್ಸು ಮಾಡಿ ಏನೋ ಕೊಡುತ್ತಿದ್ದೇನೆ ಎಂಬ ಭಾವ ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಅಷ್ಟು ವರ್ಷ ಕೈಗೊಂದು ಗಿಲಕಿಯಾದರೂ ಇತ್ತು. ಈಗ ಅದೂ ಇಲ್ಲ, ಬರೀ ಕುರ್ಚಿ. ಎದೆಯಲ್ಲಿ ಕಲಕಿದ್ದೆಲ್ಲ ಆ ಕ್ಷಣಕ್ಕೆ ತಿಳಿಯಾಗಿ ತಳಕ್ಕೆ ಇಳಿಯಿತು.

"ಕುರ್ಚಿಗೆ ದಿಂಬು ಇರುತ್ತಾ?" ಎಂದು ಕೇಳಿದಳು.

"ಹಾಕಿಸೋಣ ಬಿಡು" ಅಂದ ಕೋಗಿಲೆ, ಉದಾರವಾಗಿ.

"ಆಯ್ತು. ಹೋಗಿ ನಿಂತ್ಕೋ."

ಅವನು ಹೋಗಿ ನಿಂತ. ಕಣ್ಣು ಮುಚ್ಚಿದ, ತಲೆ ಅವಳ ಕಡೆ ಓರೆ ಮಾಡಿದ. ಹಲಗೆ ಟಪ್ ಅಂದಿತು. ಗಿಲಕಿ ಉಸಿರೆಳೆದುಕೊಂಡಳು.

ಎಳೆದುಕೊಂಡ ಮೇಲೆ, ಅಂಗಿಗಳ ಕೋಣೆಯಲ್ಲಿ ದಿನಾ ಆಗುತ್ತಿದ್ದದ್ದೇ ಇಲ್ಲೂ ಆಯಿತು. ಗಂಟಲು ನಿಂತಿತು. ಆದರೆ ಈ ಸಲ ಯಾಕೆ ನಿಂತಿತು ಎಂಬುದು ಅವಳಿಗೆ ಕಂಡಿತು. ಅದು ಭಯವಲ್ಲ, ಬರದೇ ಇರುವುದೂ ಅಲ್ಲ. ಅವಳು ದಾರಿ ಬಿಟ್ಟು ನಿಂತಿದ್ದಳು. ಇಷ್ಟು ವರ್ಷ ಉಸಿರೆಳೆದುಕೊಂಡು, ಅವನು ಹೋಗಲಿ ಎಂದು ಒಂದು ಹೆಜ್ಜೆ ಜಾಗ ಬಿಡುತ್ತಿದ್ದಳು. ಅವನು ಇಲ್ಲದ ಕೋಣೆಯಲ್ಲೂ ಬಿಡುತ್ತಿದ್ದಳು, ಖಾಲಿ ಅಂಗಿಗಳಿಗೆ ಕೂಡ. ಶುರು ಮಾಡುವುದು ಗೊತ್ತಿಲ್ಲವೆಂದು ಅತ್ತಿದ್ದಳಲ್ಲ, ಅವಳು ಅಷ್ಟು ಹೊತ್ತಿಗೆ ಶುರು ಮಾಡಿಯೇ ಆಗಿರುತ್ತಿತ್ತು.

ಈ ಸಲ ಜಾಗ ಬಿಡಲಿಲ್ಲ.

"ಹೊಳೆಗೆ ಹೊಳೆ ಸೇರಿದ ಮೇಲೆ" ಎಂದು ಅವಳ ದನಿ ಗೋದಾಮಿನ ತಗಡಿಗೆ ಹೋಗಿ ತಾಗಿತು. ಸೌಂಡ್ ಮಾಸ್ಟರ್ ಗಾಬರಿಯಾಗಿ ಸ್ಪೀಕರಿನ ಹಾಡು ನಿಲ್ಲಿಸಿಬಿಟ್ಟ. ಅಭ್ಯಾಸಬಲ ನೋಡಿ, ಕೈ ತಾನಾಗಿ ಹೋಗಿ ರೆಕಾರ್ಡ್ ಗುಂಡಿ ಒತ್ತಿತು. ಕ್ಯಾಮೆರಾ ಕೋಗಿಲೆಯ ತುಟಿಗಳ ಮೇಲಿತ್ತು. ಆ ತುಟಿಗಳು ಉಸಿರು ಕೇಳಿ ತೆರೆದಿದ್ದವು, ತೆರೆದದ್ದಕ್ಕೆ ಹಾಡು ಸಿಗದೆ ಹಾಗೇ ನಿಂತಿದ್ದವು. ಇಂಗು ತಿಂದ ಮಂಗನ ಮುಖ ಎಂದು ಕೇಳಿದ್ದನ್ನು ಅಲ್ಲಿದ್ದವರು ಆವತ್ತು ಕಣ್ಣಾರೆ ಕಂಡರು. ಮೊದಲ ಸಾಲು ಮುಗಿಯಿತು. ಏನೇ ಆದರೂ ಎಷ್ಟೋ ವೇದಿಕೆ ಕಂಡ ಮನುಷ್ಯ. ಸುಮ್ಮನೆ ನಿಲ್ಲಲಾಗದೆ, ಎರಡನೆಯ ಸಾಲಿಗೆ ಬಂದು ಸೇರಿಕೊಂಡ. ಅವಳ ಜಾಗದಲ್ಲಿ, ಅವಳ ಹಿಂದೆ. ಕೊನೆಯ ತನಕ ಹಾಗೆಯೇ ಹಾಡಿದರು. ಕಟ್ ಹೇಳಬೇಕಾದ ಡೈರೆಕ್ಟರ್ ಮಾಪನ್ನು ಅಪ್ಪಿಕೊಂಡು ಕೂತಿದ್ದ.

ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಿಲಕಿ ತನ್ನ ಚೀಲ ತೆಗೆದುಕೊಂಡಳು.

"ಹಂಗಾದ್ರೆ ಕುರ್ಚಿ?" ಎಂದು ಕೋಗಿಲೆ ಹಿಂದಿನಿಂದ ಕೇಳಿದ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ, ಪಾಪ.

"ಮಾಪು ಕೂರಿಸ್ಕೋ. ಎತ್ತರ ಸರಿಯಾಗಿದೆ."

ಗೋದಾಮಿನ ಗೇಟಿನ ಹೊರಗೆ, ಲಾರಿಗಳ ಸದ್ದಿನ ನಡುವೆ ನಿಂತು ಅವಳು ಸಭಾಂಗಣದ ಅಮ್ಮನಿಗೆ ಫೋನ್ ಮಾಡಿದಳು. "ಬರ್ತೀನಿ" ಅಂದಳು. ಜೊತೆಗೆ ಯಾರಾದರೂ ಇರುತ್ತಾರಾ ಎಂದು ಅವರು ಕೇಳಿದರು. ಯಾರೂ ಇಲ್ಲ ಅಂದಳು. 

ವಿಡಿಯೋ ಹೊರಬಂದದ್ದು ಅವಳ ಕಾರ್ಯಕ್ರಮದ ದಿನವೇ. ಸಾಹೇಬರು ಅವಳ ಶಾಟ್ ಬಿಟ್ಟು, ಸೇಫ್ಟಿಗೆ ತೆಗೆದದ್ದನ್ನೇ, ಗೋದಾಮಿನಲ್ಲಿ ಹಾಡಿದ ದನಿಯ ಸಮೇತ ಇಟ್ಟುಕೊಂಡಿದ್ದರು. ಸಭಾಂಗಣದ ಹಿಂದಿನ ಸಣ್ಣ ಕೋಣೆಯಲ್ಲಿ ಅಕ್ಕ ಮೊಬೈಲ್ ಹಿಡಿದು, ಕೆಳಗೆ ಜನ ಬರೆದದ್ದನ್ನೆಲ್ಲ ದೊಡ್ಡದಾಗಿ ಓದಿದಳು. "ಕೋಗಿಲೆಯವರ ಮೌನಾಭಿನಯಕ್ಕೆ ಸಾಟಿ ಇಲ್ಲ." "ಹೆಂಡತಿಗೆ ಮೊದಲ ಸಾಲು ಬಿಟ್ಟುಕೊಟ್ಟ ದೊಡ್ಡ ಕಲಾವಿದ." "ದಾಂಪತ್ಯ ಅಂದ್ರೆ ಹಿಂಗಿರಬೇಕು, ಕಣ್ಣಲ್ಲಿ ನೀರು ಬಂತು." ಅಕ್ಕನಿಗೆ ಓದಿ ಓದಿ ಬಿಕ್ಕಳಿಕೆ ಬಂತು.

"ಅಲ್ಲ ಕಣೇ, ಇವನು ಯಾಕೆ ಹಿಂಗೆ ಬಾಯಿ ತೆಕ್ಕೊಂಡು ನಿಂತಿದಾನೆ? ನೊಣ ಹೋದೀತು."

"ಕಾಯ್ತಿದಾನೆ ಅಕ್ಕ."

"ಏನಕ್ಕೆ?"

ಗಿಲಕಿ ಸೆರಗು ಸರಿಮಾಡಿಕೊಂಡು ಎದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಎರಡು ಕೈಯನ್ನೂ ಎಲ್ಲಿಟ್ಟುಕೊಳ್ಳುವುದೆಂದು ಗೊತ್ತಾಗದೆ ಹಾಗೇ ಇಳಿಬಿಟ್ಟಳು. ವೇದಿಕೆಗೆ ಹೋಗುವ ಮೆಟ್ಟಿಲ ಬಳಿ ಅಲ್ಲಿನ ಮೈಕಿನವನು ನಿಂತಿದ್ದ. "ಮೇಡಂ, ಆಗ ಮೈಕ್ ನೋಡುವ ಹೊತ್ತಲ್ಲಿ ನಿಮ್ಮ ಉಸಿರು ಸ್ವಲ್ಪ ಜೋರಾಗಿ ಕೇಳ್ತಿತ್ತು. ಬೇಕಾದ್ರೆ ಕಡಿಮೆ ಮಾಡ್ತೀನಿ" ಅಂದ.

"ಇರಲಿ, ಕೇಳಲಿ" ಅಂದಳು.

ವೇದಿಕೆಯ ನಡುವೆ ಒಂದೇ ಮೈಕ್ ಇತ್ತು. ಅವಳು ಅಭ್ಯಾಸದಂತೆ ಮೊದಲು ಅದರ ಎಡಕ್ಕೆ ಹೋಗಿ ನಿಂತಳು, ಆಮೇಲೆ ನಡುವಿಗೆ ಸರಿದಳು. ದೀಪಗಳ ಆಚೆ ಯಾರೋ ಕೆಮ್ಮಿದರು, ಸುಮ್ಮನಾದರು. ಗಿಲಕಿ ಇಡೀ ಸಭೆಗೆ ಕೇಳುವ ಹಾಗೆ ಉಸಿರೆಳೆದುಕೊಂಡಳು, ಯಾರಿಗೂ ಕಾಯಲಿಲ್ಲ.